ಕಾಯುವವರಿಗೆ ಸಲ್ಲಬೇಕಾದದ್ದು

ಪರಿಚಿತರೊಬ್ಬರನ್ನು ಕಾಣಲೆಂದು 2025ರ ನವೆಂಬರ್ ತಿಂಗಳ ಕೊನೆಯಲ್ಲಿ ನಾವು ಮಂಡ್ಯ ತಾಲೂಕಿನ ಕೊತ್ತತ್ತಿಗೆ ಹೋಗಿದ್ದೆವು. ಅವರು ಗದ್ದೆಯಿಂದ ಬರುವುದು ತಡವಾದ್ದರಿಂದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕಾಯಬೇಕಾಯಿತು. ಪಕ್ಕದಲ್ಲಿ ಮೂವರು ಹುಡುಗರಿದ್ದರು. ಒಬ್ಬನ ಕೈಯಲ್ಲಿ ಮೊಬೈಲು, ಮೂವರ ಕಣ್ಣೂ ಅದರ ಮೇಲೆ. ಕಬ್ಬಿನ ದರವನ್ನೋ ಹೊಸ ಸಿನಿಮಾವನ್ನೋ ಕುರಿತು ಮಾತಾಡುತ್ತಿರಬಹುದು ಎಂದುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ಮಾತು ಏರಿತು. ಆಗ ತಿಳಿಯಿತು, ಅವರ ಜಗಳ ಸ್ಪೇನಿನ ಬಾರ್ಸಿಲೋನಾ ಫುಟ್ಬಾಲ್ ಕ್ಲಬ್ಬಿನ ಕ್ರೀಡಾಂಗಣದ ಬಗ್ಗೆ ಎಂದು.

"ವರ್ಷಗಟ್ಲೆ ಸುಳ್ಳು ಹೇಳವ್ರೆ ಕಣ್ಲಾ. ಈ ತಿಂಗಳು ತೆಗೀತೀವಿ, ಮುಂದಿನ ತಿಂಗಳು ತೆಗೀತೀವಿ ಅಂತ" ಎಂದ ಒಬ್ಬ. "ಕಟ್ಟಡ ಅಂದ್ಮೇಲೆ ತಡ ಆಗಲ್ವಾ? ನಿಮ್ಮನೆ ಮಹಡಿ ಎಷ್ಟು ವರ್ಷದಿಂದ ಹಂಗೇ ನಿಂತದೆ?" ಎಂದ ಎರಡನೆಯವನು. ಮೂರನೆಯವನು ಇಬ್ಬರನ್ನೂ ನೋಡಿ ನಕ್ಕ. "ಅಲ್ಲಿ ಸೀಟು ಜಾಸ್ತಿ ಆದ್ರೆ ನಿಮಗೇನು ಬಂತು? ನೀವೇನು ಅಲ್ಲೋಗಿ ಕೂತ್ಕತೀರಾ?"

ಚಹಾ ಮುಗಿಯಿತು, ಪರಿಚಿತರು ಬಂದರು, ನಾವು ಎದ್ದು ಹೋದೆವು. ಆದರೆ ಆ ಮೂರು ಮಾತುಗಳು ನಮ್ಮ ಜೊತೆಯಲ್ಲೇ ಬಂದವು. ಹುಡುಗರ ಹರಟೆಯೆಂದು ತಳ್ಳಿಹಾಕಬಹುದಾಗಿದ್ದ ಮಾತುಗಳಲ್ಲಿ ಮೂರು ನೈತಿಕ ಪ್ರಶ್ನೆಗಳಿದ್ದವು. ಮೊದಲನೆಯವನದು ಕೊಟ್ಟ ಮಾತಿನ ಪ್ರಶ್ನೆ. ಎರಡನೆಯವನದು ತಾಳ್ಮೆಯ ಪ್ರಶ್ನೆ. ಮೂರನೆಯವನದು ಎಲ್ಲಕ್ಕಿಂತ ಕಠಿಣವಾದದ್ದು: ದೊಡ್ಡದು ಕಟ್ಟುವುದು ಯಾರಿಗಾಗಿ? ಈ ಮೂರನ್ನೂ ಒಂದೊಂದಾಗಿ ಯೋಚಿಸಿ ನೋಡೋಣ.

ಮೊದಲು ಆ ಕ್ರೀಡಾಂಗಣದ ಕತೆಯನ್ನು ತಿಳಿಯದ ಓದುಗರಿಗಾಗಿ ಎರಡು ಮಾತು. ಬಾರ್ಸಿಲೋನಾ ಕ್ಲಬ್ಬಿಗೆ ಒಬ್ಬ ಧಣಿಯಿಲ್ಲ. ಅದು ಅದರ ಸದಸ್ಯರ ಒಡೆತನದಲ್ಲಿದೆ. 1957ರಲ್ಲಿ ತೆರೆದ ಅದರ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಸುಮಾರು 99,000 ಜನ ಕೂರಬಹುದಿತ್ತು. ಅದನ್ನು ಹೊಸದಾಗಿ ಕಟ್ಟಿ ಸುಮಾರು 1,05,000 ಆಸನಗಳಿಗೆ ಹಿಗ್ಗಿಸಬೇಕೆಂದು ಯೋಜನೆಯಾಯಿತು. 2021ರ ಡಿಸೆಂಬರಿನಲ್ಲಿ ಸದಸ್ಯರು ಮತ ಹಾಕಿ, 150 ಕೋಟಿ ಯೂರೋಗಳವರೆಗೆ ಸಾಲ ಮಾಡಲು ಒಪ್ಪಿಗೆ ಕೊಟ್ಟರು. 2023ರ ಬೇಸಗೆಯಲ್ಲಿ ಕೆಲಸ ಶುರುವಾಯಿತು. ತಂಡ 1992ರ ಒಲಿಂಪಿಕ್ಸ್ ನಡೆದಿದ್ದ ಬೆಟ್ಟದ ಮೇಲಿನ ಕ್ರೀಡಾಂಗಣಕ್ಕೆ ಬಿಡಾರ ಬದಲಿಸಿತು. ಕ್ಲಬ್ಬಿಗೆ 125 ವರ್ಷ ತುಂಬುವ 2024ರ ನವೆಂಬರಿಗೆ ಅರ್ಧ ಮುಗಿದ ಮನೆಗಾದರೂ ಮರಳುತ್ತೇವೆ ಎಂದು ಮಾತು ಕೊಡಲಾಯಿತು. ನವೆಂಬರ್ ಬಂತು, ಹೋಯಿತು. ಹೊಸ ದಿನಾಂಕ ಬಂತು, ಅದೂ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಜಗತ್ತಿನ ಅತಿ ದೊಡ್ಡ ಕ್ಲಬ್ಬುಗಳಲ್ಲಿ ಒಂದಾದ ಈ ತಂಡ, ಸುಮಾರು 6,000 ಜನ ಕೂರಬಲ್ಲ ತನ್ನದೇ ತರಬೇತಿ ಆವರಣದ ಪುಟ್ಟ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯ ಆಡಬೇಕಾಯಿತು. ಕೊನೆಗೆ 2025ರ ನವೆಂಬರ್ 22ರಂದು, ಹೇಳಿದ್ದಕ್ಕಿಂತ ಒಂದು ವರ್ಷ ತಡವಾಗಿ, ಸುಮಾರು 45,000 ಪ್ರೇಕ್ಷಕರ ಮುಂದೆ ಹಳೆಯ ಅಂಗಳಕ್ಕೆ ಮರಳಿತು. ಮೇಲಿನ ಅಂತಸ್ತು ಆಗಲೂ ಮುಗಿದಿರಲಿಲ್ಲ.

ಈಗ ಮೊದಲನೆಯ ಹುಡುಗನ ಮಾತಿಗೆ ಬರೋಣ. ತಡವಾಗುವುದು ಸುಳ್ಳೇ?

ಅಲ್ಲ. ಮನುಷ್ಯನ ಲೆಕ್ಕ ತಪ್ಪುತ್ತದೆ. ಸಿಮೆಂಟು ಒಣಗಲು ತನ್ನ ಸಮಯ ತೆಗೆದುಕೊಳ್ಳುತ್ತದೆ, ಮಳೆ ಯಾರ ಕರಾರಿಗೂ ಸಹಿ ಹಾಕಿರುವುದಿಲ್ಲ, ಗುತ್ತಿಗೆದಾರ ಅರ್ಧದಲ್ಲಿ ದಿವಾಳಿಯಾಗಬಹುದು. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಕ್ರೀಡಾಂಗಣದ ಒಂದು ಕಡೆಯ ವಿಸ್ತರಣೆ ಹಾಗೆಯೇ ನಿಂತಿತ್ತು. 2023ರ ಆಗಸ್ಟಿನಲ್ಲಿ, ಋತು ಶುರುವಾಗುವ ಹೊತ್ತಿಗೇ ಅದನ್ನು ಕಟ್ಟುತ್ತಿದ್ದ ಕಂಪೆನಿ ಕುಸಿದುಬಿತ್ತು. ಹೊಸ ಗುತ್ತಿಗೆದಾರ ಬಂದು ಕೆಲಸ ಮುಗಿಸುವಾಗ ಮುಂದಿನ ವರ್ಷವಾಗಿತ್ತು. ಇದರಲ್ಲಿ ಮೋಸವಿಲ್ಲ, ಕಷ್ಟವಿದೆ. ಕಷ್ಟವನ್ನು ಅರ್ಥ ಮಾಡಿಕೊಳ್ಳುವುದು ಅಭಿಮಾನಿಗೂ ಗೊತ್ತು.

ಹಾಗಾದರೆ ಸುಳ್ಳು ಎಲ್ಲಿ ಹುಟ್ಟುತ್ತದೆ? ಆಗುವುದಿಲ್ಲವೆಂದು ಬಲ್ಲವನು ಆಗುತ್ತದೆ ಎಂದಾಗ. ದಿನಾಂಕ ಹೇಳುವುದು ಒಂದು ಊಹೆಯಲ್ಲ, ಅದೊಂದು ವಾಗ್ದಾನ. ಮುಂದಿನ ತಿಂಗಳು ಎಂಬ ಮಾತನ್ನು ನಂಬಿ ಒಬ್ಬ ಟಿಕೇಟಿಗೆ ದುಡ್ಡು ಕೂಡಿಡುತ್ತಾನೆ, ಇನ್ನೊಬ್ಬ ಮಗನಿಗೆ ಮಾತು ಕೊಡುತ್ತಾನೆ, ಮತ್ತೊಬ್ಬ ದೂರದ ಊರಿನಿಂದ ಬರಲು ರಜೆ ಹಾಕುತ್ತಾನೆ. ಒಬ್ಬರ ಒಂದು ಮಾತಿನ ಮೇಲೆ ಸಾವಿರಾರು ಜನ ತಮ್ಮ ಬದುಕಿನ ಸಣ್ಣ ಸಣ್ಣ ಏರ್ಪಾಡುಗಳನ್ನು ಕಟ್ಟಿಕೊಳ್ಳುತ್ತಾರೆ. ಆ ಮಾತು ಪೊಳ್ಳೆಂದು ಮೊದಲೇ ಗೊತ್ತಿದ್ದರೆ, ಆತ ಕದ್ದದ್ದು ಅವರ ಕಾಲವನ್ನು. ಕದ್ದ ಹಣವನ್ನು ಹಿಂತಿರುಗಿಸಬಹುದು. ಕದ್ದ ಕಾಲವನ್ನು ಯಾವ ನ್ಯಾಯಾಲಯವೂ ವಾಪಸು ಕೊಡಿಸಲಾರದು.

ನಮ್ಮ ಸಮಾಜದಲ್ಲಿ "ಗೊತ್ತಿಲ್ಲ" ಎನ್ನಲು ಯಾರೂ ಸಿದ್ಧರಿಲ್ಲ. ದರ್ಜಿಯನ್ನು ಕೇಳಿ, ನಾಳೆ ಎನ್ನುತ್ತಾನೆ. ಮೇಸ್ತ್ರಿಯನ್ನು ಕೇಳಿ, ಹದಿನೈದು ದಿನ ಎನ್ನುತ್ತಾನೆ. ಮಂತ್ರಿಗಳನ್ನು ಕೇಳಿ, ಶೀಘ್ರದಲ್ಲೇ ಎನ್ನುತ್ತಾರೆ. "ಯಾವಾಗ ಮುಗಿಯುತ್ತದೋ ನನಗೂ ತಿಳಿಯದು, ತಿಳಿದ ದಿನ ಮೊದಲು ನಿನಗೇ ಹೇಳುತ್ತೇನೆ" ಎಂಬ ಉತ್ತರ ಕೇಳಿದವನಿಗೆ ಬೇಸರವಾಗಬಹುದು. ಆದರೆ ಅದರಲ್ಲಿ ಗೌರವವಿದೆ. ಎದುರಿಗಿರುವವನನ್ನು ಅದು ಮಗುವಿನಂತೆ ರಮಿಸುವುದಿಲ್ಲ, ಸತ್ಯವನ್ನು ತಾಳಬಲ್ಲ ಮನುಷ್ಯನೆಂದು ಎಣಿಸುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕಾಯುವುದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ದುಡ್ಡಿದ್ದವನು ಕಾಯುವುದು ಕಡಿಮೆ. ಅವನಿಗೆ ಬೇರೆ ಬಾಗಿಲಿದೆ, ಬೇರೆ ಸಾಲಿದೆ, ದೇವಸ್ಥಾನದಲ್ಲೂ ಆಸ್ಪತ್ರೆಯಲ್ಲೂ ಬೇರೆ ಚೀಟಿಯಿದೆ. ಪಡಿತರ ಅಂಗಡಿಯ ಮುಂದೆ, ಸರಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ, ಕಚೇರಿಯ ಜಗಲಿಯ ಮೇಲೆ ದಿನವಿಡೀ ಕಾಯುವವರು ಯಾರೆಂದು ನೋಡಿದರೆ ಊರಿನ ಮೇಲು ಕೀಳಿನ ನಕ್ಷೆಯೇ ಸಿಗುತ್ತದೆ. ಇನ್ನೊಬ್ಬನನ್ನು ಕಾಯಿಸುವುದು ಅಧಿಕಾರದ ಒಂದು ರೂಪ. ಕಾರಣ ಹೇಳದೆ ಕಾಯಿಸುವುದು ಅದರ ಕ್ರೂರ ರೂಪ. ಕ್ರೀಡಾಂಗಣದ ತಡವನ್ನು ಕುರಿತು ಸಿಟ್ಟಾಗುವ ಅಭಿಮಾನಿ ಆಟದ ಹೆಸರಿನಲ್ಲಿ ಈ ಹಳೆಯ ಅವಮಾನದ ವಿರುದ್ಧವೇ ಮಾತಾಡುತ್ತಿರಬಹುದು. ಆದ್ದರಿಂದ ಅವನ ಸಿಟ್ಟನ್ನು ಪೂರ್ತಿ ಹುಡುಗಾಟವೆಂದು ತಳ್ಳಲಾಗದು.

ಎರಡನೆಯ ಹುಡುಗ ತಾಳ್ಮೆಯ ಪಕ್ಷದವನು. ಅವನ ಮಾತಿಗೆ ಕೊತ್ತತ್ತಿಯ ಮಣ್ಣಿನಲ್ಲೇ ಆಧಾರವಿದೆ. ಮಂಡ್ಯ ಸೀಮೆಯ ಹಸಿರೆಲ್ಲ ಒಂದು ದೀರ್ಘ ಕಾಯುವಿಕೆಯ ಫಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕೆಳಗಿನ ಮದ್ರಾಸು ಸರಕಾರ ತಕರಾರು ತೆಗೆಯಿತು, 1914ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು, ಅದೂ ಬಗೆಹರಿಯದೆ 1924ರಲ್ಲಿ ಒಪ್ಪಂದವಾಯಿತು. ಕಟ್ಟೆ ಮುಗಿಯುವಾಗ 1930ರ ದಶಕ ಕಾಲಿಟ್ಟಿತ್ತು. ಹುಲಿಕೆರೆಯ ಬಳಿ ಸುರಂಗ ಕೊರೆದು ನಾಲೆ ತಂದ ಮೇಲೆ ಈ ಬಯಲಿನ ರಾಗಿ ಹೊಲಗಳಿಗೆ ಭತ್ತ, ಕಬ್ಬು ಬಂದವು. ಮೊದಲ ಕಲ್ಲು ಇಟ್ಟ ದಿನ ಹುಟ್ಟಿದ ಕೂಸು ನೀರು ಬರುವ ಹೊತ್ತಿಗೆ ಮದುವೆಯ ವಯಸ್ಸಿಗೆ ಬಂದಿತ್ತು. ನೀರನ್ನು ಕಾಣದೆ ಕಣ್ಣು ಮುಚ್ಚಿದವರು ಎಷ್ಟೋ ಮಂದಿ. ತಾಳಿದವನು ಬಾಳಿಯಾನು ಎಂಬ ಗಾದೆ ಇಂಥ ನೆಲದಲ್ಲೇ ಉಳಿಯುತ್ತದೆ.

ಅವಸರದ ಬೆಲೆ ಏನೆಂಬುದನ್ನೂ ನಾವು ಇತ್ತೀಚೆಗೆ ನೋಡಿದ್ದೇವೆ. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತು. ಮಾರನೆಯ ದಿನವೇ ವಿಜಯೋತ್ಸವ. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ನೆರೆದರು. ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹದಿನೆಂಟು ವರ್ಷ ಕಾದ ಅಭಿಮಾನಿ ಇನ್ನೊಂದು ವಾರ ಕಾಯಲಾರದೆ ಇರುತ್ತಿದ್ದನೇ? ಖಂಡಿತ ಕಾಯುತ್ತಿದ್ದ. ಅವನನ್ನು ಕಾಯಿಸಬೇಕಾಗಿತ್ತು. ಯಾರೂ ಆ ಹೊಣೆ ಹೊರಲಿಲ್ಲ. 1980ರ ಆಗಸ್ಟ್ 16ರಂದು ಕಲಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಫುಟ್ಬಾಲ್ ಪಂದ್ಯದಲ್ಲಿ 16 ಜನ ಹೀಗೆಯೇ ಸತ್ತಿದ್ದರು. ಆಟ ನೋಡಲು ಹೊರಟ ಮಗ ಮನೆಗೆ ಬರಲಿಲ್ಲ ಎಂಬ ಸುದ್ದಿಯನ್ನು ಯಾವ ತಾಯಿಯೂ ಅರ್ಥ ಮಾಡಿಕೊಳ್ಳಲಾರಳು.

ಈ ಹಿನ್ನೆಲೆಯಲ್ಲಿ ಬಾರ್ಸಿಲೋನಾದ ತಡದ ಇನ್ನೊಂದು ಮುಖವೂ ಕಾಣುತ್ತದೆ. 2025ರ ಸೆಪ್ಟೆಂಬರಿನಲ್ಲಿ 27,000 ಜನರಿಗಾದರೂ ಬಾಗಿಲು ತೆರೆಯಲು ಕ್ಲಬ್ಬು ಹಾತೊರೆಯುತ್ತಿತ್ತು. ಜನ ಒಳಗೆ ಬರುವ ಮತ್ತು ಆಪತ್ತಿನಲ್ಲಿ ಹೊರಗೆ ಹೋಗುವ ದಾರಿಗಳು ಇನ್ನೂ ಸುರಕ್ಷಿತವಾಗಿಲ್ಲ ಎಂದು ನಗರಾಡಳಿತ ಅನುಮತಿ ಕೊಡಲಿಲ್ಲ. ಅಷ್ಟು ಪ್ರಭಾವಿ ಕ್ಲಬ್ಬಿಗೆ, ಅಷ್ಟು ಅಭಿಮಾನಿಗಳ ಒತ್ತಡದ ನಡುವೆ, ಒಬ್ಬ ಅಧಿಕಾರಿ ಇಲ್ಲ ಎಂದು ಬರೆದ. ಆ ದಿನ ಅವನನ್ನು ಬೈದವರು ಸಾವಿರಾರು ಮಂದಿ ಇರಬಹುದು. ಅವನ ಸಹಿ ಯಾರ ಜೀವ ಉಳಿಸಿತೆಂದು ಯಾರಿಗೂ ಎಂದೂ ತಿಳಿಯುವುದಿಲ್ಲ, ಏಕೆಂದರೆ ಆಗದೇ ಹೋದ ದುರಂತಕ್ಕೆ ಹೆಸರಿಲ್ಲ. ಆದರೂ ಇಂಥ ತಡವನ್ನು ತಡವೆಂದು ಕರೆಯಬಾರದು. ಅದು ಎಚ್ಚರ.

ಹಾಗೆಂದು ಎರಡನೆಯ ಹುಡುಗನ ಮಾತನ್ನು ಪೂರ್ತಿ ಒಪ್ಪಲೂ ಆಗದು. ತಾಳ್ಮೆಯನ್ನು ಬೋಧಿಸುವವರು ಸಾಮಾನ್ಯವಾಗಿ ಕಾಯಬೇಕಾಗಿಲ್ಲದವರು. ತಾಳ್ಮೆ ಎಂಬ ಒಳ್ಳೆಯ ಪದವನ್ನು ಬಲಹೀನರ ಬಾಯಿ ಕಟ್ಟಲು ಬಳಸಿದಷ್ಟು ಬೇರೆ ಯಾವುದಕ್ಕೂ ಬಳಸಿಲ್ಲವೇನೋ. ನಮ್ಮ ಮನೆಗಳಲ್ಲಿ ಹಿರಿಯರು ಮಾತುಮಾತಿಗೆ ಸಬರ್ ಎನ್ನುತ್ತಿದ್ದರು. ಚಿಕ್ಕವರಾಗಿದ್ದಾಗ ನಾವು ಅದನ್ನು ಸುಮ್ಮನಿರು ಎಂದೇ ತಿಳಿದಿದ್ದೆವು. ದೊಡ್ಡವರಾದ ಮೇಲೆ ತಿಳಿದದ್ದು ಬೇರೆ. ಸಬರ್ ಎಂದರೆ ಕದಲದೆ ನಿಲ್ಲುವುದು, ನ್ಯಾಯವನ್ನು ಕೈಬಿಡದೆ ನಿಲ್ಲುವುದು. ಬಿತ್ತಿದ ರೈತ ಮೊಳಕೆಗೆ ಕಾಯುತ್ತಾನೆ, ಆದರೆ ಕೈಕಟ್ಟಿ ಕುಳಿತು ಕಾಯುವುದಿಲ್ಲ. ಕಳೆ ಕೀಳುತ್ತಾನೆ, ಬದು ಕಟ್ಟುತ್ತಾನೆ, ನೀರು ಬಿಡದಿದ್ದರೆ ಹೋಗಿ ಕೇಳುತ್ತಾನೆ. ಮಂಡ್ಯದ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಯುವುದೂ ಅವರಿಗೆ ಗೊತ್ತು, ರಸ್ತೆಗೆ ಇಳಿದು ಕೇಳುವುದೂ ಗೊತ್ತು. ಪ್ರಶ್ನೆ ಕೇಳುತ್ತಾ ಕಾಯುವುದು ತಾಳ್ಮೆ. ಪ್ರಶ್ನೆಯನ್ನೇ ಮರೆತು ಕಾಯುವುದು ಸೋಲು.

ಇನ್ನು ಮೂರನೆಯ ಹುಡುಗನ ನಗು. ಅದೇ ನಮ್ಮನ್ನು ಹೆಚ್ಚು ಕಾಡಿದ್ದು. ಅಲ್ಲಿ ಸೀಟು ಹೆಚ್ಚಾದರೆ ನಿಮಗೇನು?

ಈ ಪ್ರಶ್ನೆಯನ್ನು ನಮ್ಮ ರಾಜ್ಯದ ಫುಟ್ಬಾಲಿಗೇ ಕೇಳೋಣ. ಬೆಂಗಳೂರಿನ ಫುಟ್ಬಾಲು ಇಂದು ನಿನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನ ವಿರುದ್ಧ 1-2ರಿಂದ ಸೋತಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಭಾರತದ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಆಡಿ, ಕಲಕತ್ತೆಯ ಈಸ್ಟ್ ಬೆಂಗಾಲ್ ಅಭಿಮಾನಿಗಳ ಕಣ್ಮಣಿಯಾಗಿದ್ದ ಅವರು 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇವರೆಲ್ಲ ದೊಡ್ಡ ಕ್ರೀಡಾಂಗಣದಲ್ಲಿ ಬೆಳೆದವರಲ್ಲ. ಮಣ್ಣಿನ ಮೈದಾನದಲ್ಲಿ ಬೆಳೆದವರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಅಶೋಕನಗರದ ಸಣ್ಣ ಫುಟ್ಬಾಲ್ ಕ್ರೀಡಾಂಗಣದಲ್ಲಿ ಆಡಿ ಮೊದಲ ವರ್ಷವೇ ಐ ಲೀಗ್ ಗೆದ್ದಿತು. ಅಲ್ಲಿನ ಪಶ್ಚಿಮದ ಕಟ್ಟೆಯ ಮೇಲೆ ನಿಂತು ಹಾಡುತ್ತಿದ್ದ ಅಭಿಮಾನಿಗಳು ಅದೇ ಜಾಗದ ಹೆಸರನ್ನು ತಮ್ಮ ಗುಂಪಿಗೆ ಇಟ್ಟುಕೊಂಡರು. ಆಮೇಲೆ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂತು. ಕಂಠೀರವ ಫುಟ್ಬಾಲಿಗೆಂದು ಕಟ್ಟಿದ್ದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದ ಸರಕಾರದ ಕ್ರೀಡಾಂಗಣ ಅದು, ಓಟಗಾರರ ಮನೆ. ಸುತ್ತ ಟ್ರ್ಯಾಕ್, ನಡುವೆ ಹುಲ್ಲು. ಹೊಸಬರಿಗೆ ಮನೆ ಸಿಕ್ಕಾಗ ಹಳಬರಿಗೆ ಇಕ್ಕಟ್ಟಾಯಿತು. ಪಂದ್ಯಗಳ ದಿನ ಅಭ್ಯಾಸಕ್ಕೆ ಅಡ್ಡಿ, ಈಟಿ ಮತ್ತು ಗುಂಡು ಎಸೆಯುವವರಿಗೆ ಜಾಗವಿಲ್ಲ, ಸವೆದ ಟ್ರ್ಯಾಕ್ ಬದಲಿಸುವ ಕೆಲಸವೂ ತಡ. ಓಟಗಾರರು ಮತ್ತು ತರಬೇತುದಾರರು ದೂರಿದರು, ವಿವಾದ ಹೈಕೋರ್ಟಿನವರೆಗೆ ಹೋಯಿತು. ನಮ್ಮ ತಂಡಕ್ಕೆ ಇಷ್ಟು ದೊಡ್ಡ ನಗರದಲ್ಲಿ ಒಂದು ಮನೆ ಇಲ್ಲವೇ ಎಂದು ಫುಟ್ಬಾಲ್ ಅಭಿಮಾನಿ ಕೇಳಿದ. ನಮ್ಮ ಮನೆಯಲ್ಲಿ ನಮಗೇ ಜಾಗವಿಲ್ಲವೇ ಎಂದು ಓಟಗಾರ ಕೇಳಿದ. ಎರಡೂ ನ್ಯಾಯದ ಮಾತೇ. ತಪ್ಪು ಈ ಇಬ್ಬರದೂ ಅಲ್ಲ. ಇಬ್ಬರಿಗೂ ಬೇಕಾದಷ್ಟು ಅಂಗಳ ಕಟ್ಟದೆ, ಇರುವ ಒಂದೇ ಕಂಬಳಿಯನ್ನು ಇಬ್ಬರೂ ಎಳೆದಾಡುವಂತೆ ಬಿಟ್ಟ ನಮ್ಮ ವ್ಯವಸ್ಥೆಯದು. ಬಡವರ ಮನೆಯಲ್ಲಿ ಅಣ್ಣತಮ್ಮಂದಿರು ಜಗಳವಾಡುವುದು ದ್ವೇಷದಿಂದಲ್ಲ, ಅನ್ನ ಸಾಲದೆ.

ಆದ್ದರಿಂದ ವಿಸ್ತರಣೆಯೆಂಬ ಮಾತು ಬಂದಾಗಲೆಲ್ಲ ಇನ್ನೊಂದು ಪ್ರಶ್ನೆಯನ್ನೂ ಜೊತೆಗೆ ಕೇಳಬೇಕು: ನಾವು ಹಿಗ್ಗುವಾಗ ಯಾರು ಕುಗ್ಗುತ್ತಾರೆ? ಲಿವರ್‌ಪೂಲಿನಲ್ಲಿ ಕ್ರೀಡಾಂಗಣವನ್ನು ಹಿಗ್ಗಿಸಬೇಕೆಂಬ ಯೋಚನೆಯಲ್ಲಿ ಸುತ್ತಲಿನ ಬೀದಿಗಳ ಮನೆಗಳನ್ನು ಕೊಂಡು ವರ್ಷಗಟ್ಟಲೆ ಖಾಲಿ ಬಿಡಲಾಯಿತು. ಯೋಜನೆ ತಡವಾದಷ್ಟೂ ಆ ಬೀದಿಗಳು ಪಾಳುಬಿದ್ದವು. ಒಳಗೆ ಕುಳಿತವನಿಗೆ ತಡವೆಂದರೆ ಇನ್ನೂ ಕೆಲವು ವರ್ಷ ಟಿಕೇಟು ಸಿಗದಿರುವುದು. ಹೊರಗಿನ ಬೀದಿಯ ಮುದುಕಿಗೆ ತಡವೆಂದರೆ ಎಡಕ್ಕೂ ಬಲಕ್ಕೂ ಹಲಗೆ ಹೊಡೆದ ಮನೆಗಳ ನಡುವೆ ಒಂಟಿಯಾಗಿ ದೀಪ ಹಚ್ಚುವುದು. ಒಂದೇ ತಡ, ಇಬ್ಬರಿಗೆ ಎರಡು ಭಾರ.

ತಡವೇ ಆಗಬಾರದೆಂದು ಪಣ ತೊಟ್ಟ ಕಡೆ ಏನಾಯಿತೆಂಬುದೂ ನಮ್ಮ ಓದುಗರಲ್ಲಿ ಅನೇಕರಿಗೆ ಹತ್ತಿರದ ವಿಷಯ. 2022ರ ವಿಶ್ವಕಪ್ಪಿಗಾಗಿ ಕತಾರಿನಲ್ಲಿ ಕ್ರೀಡಾಂಗಣಗಳು ಎದ್ದವು. ದಿನಾಂಕ ಮೊದಲೇ ನಿಗದಿ, ಒಂದು ದಿನವೂ ಮುಂದೆ ಹೋಗುವಂತಿಲ್ಲ. ಬಿಸಿಲಿನಲ್ಲಿ ದುಡಿದವರು ಭಾರತ, ನೇಪಾಳ, ಬಾಂಗ್ಲಾದೇಶಗಳ ಬಡವರು. ನಮ್ಮ ಕರಾವಳಿಯಲ್ಲಿ ಕೊಲ್ಲಿಗೆ ಒಬ್ಬನನ್ನಾದರೂ ಕಳುಹಿಸದ ಬೀದಿ ಸಿಗುವುದು ಕಷ್ಟ. ಕೊಲ್ಲಿಯಿಂದ ಬರುವ ಫೋನು ರಾತ್ರಿ ಅವೇಳೆಯಲ್ಲಿ ಬಂದರೆ ಎದೆ ಹೇಗೆ ನಡುಗುತ್ತದೆಂದು ಅವರಿಗೆ ಗೊತ್ತು. ಲುಸೈಲ್‌ನಲ್ಲಿ ನಡೆದ ಫೈನಲ್ ಪಂದ್ಯವನ್ನು ನೋಡಿದವರ ಸಂಖ್ಯೆ 88,966 ಎಂದು ದಾಖಲಾಗಿದೆ. ಒಂದು ತಲೆಯೂ ಬಿಟ್ಟುಹೋಗಿಲ್ಲ. ಆ ಎಲ್ಲ ಕಾಮಗಾರಿಗಳಲ್ಲಿ ಸತ್ತವರು ಎಷ್ಟು ಎಂಬ ಬಗ್ಗೆ ಮಾತ್ರ ಇಂದಿಗೂ ಒಮ್ಮತವಿಲ್ಲ. ಕೂತವರನ್ನು ಎಣಿಸಿದ ಲೋಕ ಕಟ್ಟಿದವರನ್ನು ಎಣಿಸಲಿಲ್ಲ. ಕತಾರು ಮುಸ್ಲಿಂ ದೇಶವೆಂದು ನಾವು ಈ ಮಾತನ್ನು ಮೆಲ್ಲಗೆ ಹೇಳಬಾರದು, ಬದಲಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕೇಳಿ ಬೆಳೆದವರು ನಾವು.

ಈಗ ಮಂಡ್ಯದ ನಾಲೆಗೆ ಮರಳೋಣ. ನಾಲೆಯ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಮಾತಿದೆ, ಕೊನೆ ಭಾಗದ ರೈತ. ತೂಬು ತೆರೆದಾಗ ಮೊದಲ ಗದ್ದೆಯವನಿಗೆ ನೀರು ಬೇಗ ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ನಾಲೆಯ ತುದಿಯವನು ರಾತ್ರಿ ಎದ್ದು ಗುದ್ದಲಿ ಹಿಡಿದು ಕಾಯುತ್ತಾನೆ. ಆದ್ದರಿಂದ ನೀರು ಬಿಟ್ಟೆವು ಎಂಬ ಪ್ರಕಟಣೆಯನ್ನು ಇಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ಕೊನೆ ಭಾಗಕ್ಕೆ ಮುಟ್ಟಿತೇ ಎಂದು ಕೇಳುತ್ತಾರೆ. ನಾಲೆ ಎಷ್ಟು ಉದ್ದವಿದೆ ಎಂಬುದು ಎಂಜಿನಿಯರನ ಲೆಕ್ಕ, ಕೊನೆಯವನ ಗದ್ದೆ ನೆನೆಯಿತೇ ಎಂಬುದು ನ್ಯಾಯದ ಲೆಕ್ಕ.

ಕ್ರೀಡಾಂಗಣಕ್ಕೂ ಇದೇ ಅಳತೆಗೋಲು ಸಾಕು. ಆಸನ ಎಷ್ಟು ಹೆಚ್ಚಿತು ಎನ್ನುವುದಕ್ಕಿಂತ ಕೊನೆಯ ಅಭಿಮಾನಿಗೆ ಏನು ಸಿಕ್ಕಿತು ಎಂದು ಕೇಳಬೇಕು. ಈಗಿನ ದೊಡ್ಡ ಕ್ರೀಡಾಂಗಣಗಳ ವಿಸ್ತರಣೆಯಲ್ಲಿ ಗಾಜಿನ ಕೋಣೆಗಳಿಗೆ, ಊಟದ ಮೇಜುಗಳಿಗೆ, ಕಂಪೆನಿಗಳ ಅತಿಥಿಗಳಿಗೆ ಮೊದಲ ಪಾಲು. ಸಾಲ ತೀರಬೇಕಲ್ಲ! ಹೊಸ ಕಟ್ಟಡಕ್ಕೆ ಕಾದವನು ಹೊಸ ಬೆಲೆ ಕೇಳಿ ಹೊರಗೇ ನಿಂತರೆ, ಅವನು ಕಾದದ್ದು ತನ್ನನ್ನು ಹೊರಗೆ ಹಾಕಿಸಿಕೊಳ್ಳಲೆಂದೇ ಆಯಿತು. ನಮ್ಮ ರಾಜ್ಯದಲ್ಲೂ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾ ಸಮುಚ್ಚಯಕ್ಕೆ ಸರಕಾರ ಒಪ್ಪಿಗೆ ಕೊಟ್ಟಿತು. ಅದು ಎಂದು ಮುಗಿಯುತ್ತದೆ ಎಂಬ ಚರ್ಚೆ ಇನ್ನು ಮುಂದೆ ನಡೆಯುತ್ತಲೇ ಇರುತ್ತದೆ. ಅದರ ಜೊತೆಗೆ, ಬಸ್ಸಿನಲ್ಲಿ ಬಂದು ಇಳಿಯುವವನಿಗೆ ಅದರಲ್ಲಿ ಯಾವ ಮೂಲೆ ಎಂಬ ಚರ್ಚೆಯೂ ನಡೆಯಬೇಕು.

ಫುಟ್ಬಾಲಿಗಂತೂ ಕಟ್ಟಡಕ್ಕಿಂತ ಮೊದಲೇ ಬೇರೆ ನೆಲೆ ಬೇಕಾಗಿದೆ. 2025ರ ಜುಲೈಯಲ್ಲಿ ದೇಶದ ಮುಖ್ಯ ಲೀಗೇ ಒಪ್ಪಂದದ ಗೊಂದಲದಿಂದ ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ಮನೆ ಹಿಗ್ಗಿಸುವ ಮಾತಿರಲಿ, ಮನೆಯಲ್ಲಿ ಒಲೆ ಹತ್ತುವುದೇ ಅನುಮಾನವಾಗಿತ್ತು. ಇನ್ನೊಂದು ಕಡೆ ನೋಡಿದರೆ, 2023ರ ಮಾರ್ಚ್ 4ರಂದು ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ಮೈಸೂರು ಎಂಬ ಹೆಸರಿನಲ್ಲಿ ಗೆದ್ದಿದ್ದ 1968-69ರ ಬಳಿಕ, 54 ವರ್ಷ ಕಾದು ಬಂದ ಕಪ್ಪು ಅದು. ಆ ಫೈನಲ್ ನಡೆದದ್ದು ಸೌದಿಯ ರಿಯಾದಿನಲ್ಲಿ. 54 ವರ್ಷಗಳಲ್ಲಿ ಆ ಕಪ್ಪನ್ನು ಹತ್ತಿರ ತಂದದ್ದು ಕಾಂಕ್ರೀಟು ಅಲ್ಲ. ಎಲ್ಲೋ ಒಂದು ಬಡಾವಣೆಯ ಮಣ್ಣಿನಲ್ಲಿ ಸಂಜೆ ಸಂಜೆ ಚೆಂಡು ಒದ್ದ ಮಕ್ಕಳು, ಅವರಿಗೆ ಸಂಬಳವಿಲ್ಲದೆ ಕಲಿಸಿದ ಮಾಸ್ತರರು.

ಹಾಗಾದರೆ ಆ ಮೂರು ಹುಡುಗರಲ್ಲಿ ಗೆದ್ದವರು ಯಾರು? ನಮಗೆ ತೋಚುವುದು ಇಷ್ಟು. ಕಾಯುವವನಿಗೆ ಬೇಗವನ್ನು ಕೇಳುವ ಹಕ್ಕಿಲ್ಲ, ಏಕೆಂದರೆ ಅವನ ಬೇಗಕ್ಕೆ ಇನ್ನೊಬ್ಬನ ಜೀವ, ಇನ್ನೊಬ್ಬನ ಮನೆ, ಇನ್ನೊಬ್ಬನ ಅಂಗಳ ಬೆಲೆಯಾಗಬಹುದು. ಆದರೆ ನಿಜವನ್ನು ಕೇಳುವ ಹಕ್ಕು ಅವನಿಗೆ ಪೂರ್ತಿಯಾಗಿದೆ. ಏಕೆ ತಡ, ಎಲ್ಲಿಯವರೆಗೆ ಬಂತು, ಹಣ ಎಲ್ಲಿ ಹೋಯಿತು, ಮುಗಿದ ಮೇಲೆ ನನಗೆ ಜಾಗವಿದೆಯೇ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಅವನಿಗೆ ಸಲ್ಲಬೇಕಾದ ಸಾಲ. ನಿಜ ಹೇಳಿದರೆ ಹತ್ತು ವರ್ಷವನ್ನೂ ಮನುಷ್ಯ ಕಾಯುತ್ತಾನೆ. ಸುಳ್ಳು ಹೇಳಿದರೆ ಹತ್ತು ದಿನವೂ ಅವನಿಗೆ ಅವಮಾನ. ಈ ಮಾತು ಕ್ಲಬ್ಬಿಗೆ ಹೇಗೋ ಹಾಗೆ ಸರಕಾರಕ್ಕೂ ಸಲ್ಲುತ್ತದೆ. ಮಸೀದಿ, ಮದ್ರಸ, ಶಾಲೆ, ಸಂಘಗಳ ಕಟ್ಟಡಕ್ಕೆಂದು ಜನರಿಂದ ದೇಣಿಗೆ ಎತ್ತುವ ನಮ್ಮ ಸಮಿತಿಗಳಿಗೂ ಸಲ್ಲುತ್ತದೆ. ಲೆಕ್ಕ ಕೇಳಿದವನನ್ನು ಶತ್ರುವಿನಂತೆ ನೋಡುವ ಅಭ್ಯಾಸ ನಮ್ಮಲ್ಲೂ ಇಲ್ಲದಿಲ್ಲ.

ಕೊತ್ತತ್ತಿಯಿಂದ ಮರಳುವಾಗ ಸಂಜೆಯಾಗಿತ್ತು. ಕೊಯ್ಲಾದ ಒಂದು ಗದ್ದೆಯಲ್ಲಿ ಆ ಮೂವರೂ ಇದ್ದರು, ಇನ್ನೂ ಏಳೆಂಟು ಮಂದಿಯನ್ನು ಸೇರಿಸಿಕೊಂಡು. ಗೋಲಿಗೆ ಎರಡೆರಡು ಚಪ್ಪಲಿ. ಕೂಳೆ ಚುಚ್ಚದಂತೆ ಕಾಲೆತ್ತಿ ಓಡುತ್ತಿದ್ದರು. ಬದುವಿನ ಮೇಲೆ ಒಬ್ಬ ಸಣ್ಣ ಹುಡುಗ ತನ್ನ ಸರದಿಗಾಗಿ ಕುಳಿತಿದ್ದ. ನಾವು ನೋಡುತ್ತಾ ನಿಂತಷ್ಟು ಹೊತ್ತೂ ಅವನನ್ನು ಯಾರೂ ಕರೆಯಲಿಲ್ಲ. ಕೊನೆಗೆ, ಚಹಾದಂಗಡಿಯಲ್ಲಿ ನಕ್ಕಿದ್ದ ಆ ಮೂರನೆಯವನೇ ಓಡಿಬಂದು, "ಇನ್ನೊಂದು ಗೋಲ್ ಆಗ್ಲಿ ಕಣೋ, ಆಮೇಲೆ ನಾನು ಕೂತ್ಕತೀನಿ, ನೀನು ಬಾ" ಎಂದ. ಹುಡುಗ ತಲೆಯಾಡಿಸಿ ಮತ್ತೆ ಕಾಯತೊಡಗಿದ. ಈ ಸಲ ಅವನ ಮುಖದಲ್ಲಿ ಬೇಸರವಿರಲಿಲ್ಲ.